ಗ್ರಾಮಫೋನಿನ ಮುಳ್ಳೂ ಸ್ಪರ್ಶರೇಖೆಯೂ

ವಾಚಕರಲ್ಲಿ ಹಲವರ ಮನೆಯ ಅಟ್ಟದ ಮೇಲೆ ಇಂದಿಗೂ ನಾಲ್ಕಾರು ಗ್ರಾಮಫೋನ್ ಪ್ಲೇಟುಗಳು ಇದ್ದೇ ಇರುವುವು. ಅವು ಬರಿಯ ಆಟಿಕೆಗಳಲ್ಲ. ಗಂಗೂಬಾಯಿ ಹಾನಗಲ್ಲರು ೧೯೩೦ರ ದಶಕದಲ್ಲಿ ‘ಗಾಂಧಾರಿ ಹುಬಳೀಕರ’ ಎಂಬ ಹೆಸರಿನಿಂದ ಹಾಡಿದ ಸಪೂರ ಕಂಠವು, ಗಂಟಲಿನ ಚಿಕಿತ್ಸೆಯ ತರುವಾಯ ಮಾರ್ಪಟ್ಟಿತು. ಆ ಮೊದಲಿನ ದನಿಗೆ ಪ್ಲೇಟೇ ಸಾಕ್ಷಿ. ನಮ್ಮ ಸೀಮೆಯ ಬೀಳಗಿಯ ಅಮೀರಬಾಯಿ ಕರ್ನಾಟಕಿಯವರ ದನಿಯೂ ಹೀಗೆಯೇ ಉಳಿದು ಬಂದಿತು.

ತಿಕೋಟೆಯಲ್ಲಿ ಪರಿಚಿತರೊಬ್ಬರು ಹಳೆಯ ಲಾಂಗ್ ಪ್ಲೇ ಒಂದನ್ನು ಹಚ್ಚಿದ್ದರು. ಆದಿಯಲ್ಲಿ ನಿರ್ಮಲವಾಗಿದ್ದ ಗಾನವು ಕೊನೆಗೆ ಬರುತ್ತ ಒಡಕಾಯಿತು. “ಮಾಸ್ತರ್ರ, ಪ್ಲೇಟ ಸವದೈತ್ರೀ, ಒಗದ ಬಿಡ್ತೀವ್ರಿ” ಎಂದರು. ನಾನು ತಡೆದೆನು. ದೋಷವು ಪ್ಲೇಟಿನದಲ್ಲದೆ ಬಾಹುವಿನದೂ ಆಗಿರಬಹುದಷ್ಟೆ!

ಇದರ ಮರ್ಮವು ರೇಖಾಗಣಿತದಲ್ಲಿದೆ. ಪ್ಲೇಟಿನ ಮೂಲಪ್ರತಿಯಲ್ಲಿ ಗೀರು ಕೊರೆಯುವ ಉಳಿಯು ತ್ರಿಜ್ಯದ ಮೇಲೆ ನೆಟ್ಟಗೆ ಒಳಸರಿಯುವುದು. ಆದುದರಿಂದ ಅದು ಎಲ್ಲೆಡೆಯೂ ಗೀರಿನ ಸ್ಪರ್ಶರೇಖೆಗೆ ಅನುಗುಣವಾಗಿರುವುದು. ನುಡಿಸುವ ಬಾಹುವಾದರೋ ಒಂದು ಕೀಲಿನ ಮೇಲೆ, ಕಣದ ಮೇಟಿಗೆ ಕಟ್ಟಿದ ಎತ್ತಿನಂತೆ, ಕಮಾನಾಗಿ ತಿರುಗುವುದು. ಹೀಗಾಗಿ ಮುಳ್ಳು ಓರೆಯಾಗುವುದು. ಇದಕ್ಕೆಂದು ಬಾಹುವಿನ ತಲೆಯನ್ನು ಬಾಗಿಸಿ, ಮುಳ್ಳನ್ನು ಕೇಂದ್ರವನ್ನು ದಾಟಿ ತುಸು ಮುಂದಕ್ಕೆ ನಿಲ್ಲಿಸುವರು. ಆಗ ಎರಡು ಸ್ಥಾನಗಳಲ್ಲಿ ಓರೆಯು ಶೂನ್ಯವಾಗಿ, ಮಿಕ್ಕೆಡೆ ಸುಮಾರು ೨ ಅಂಶಗಳೊಳಗೆ ಉಳಿಯುವುದು. ೧೯೨೪ರಲ್ಲಿ ಪರ್ಸಿ ವಿಲ್ಸನ್ನನೂ, ೧೯೩೮ರಲ್ಲಿ ಲೋಫ್‌ಗ್ರೆನ್ನನೂ ಇದರ ಗಣಿತವನ್ನು ಬರೆದರು. ಆದರೆ ಬಾಗಿದ ಬಾಹುವನ್ನು ಗೀರಿನ ಘರ್ಷಣೆಯು ಒಳಕ್ಕೆ ಎಳೆಯುವುದೆಂಬ ಹೊಸ ತೊಡಕು ಹುಟ್ಟಿತು.

ಬಾಹುವನ್ನೇ ಹಳಿಯ ಮೇಲೆ ನೆಟ್ಟಗೆ ಸಾಗಿಸಿದರೆ ಈ ಎರಡೂ ತೊಡಕುಗಳಿಲ್ಲ. ಇದೇ ಸ್ಪರ್ಶರೇಖಾ ಬಾಹು. ಎಡಿಸನ್ನನ ಉರುಳೆಯ ಯಂತ್ರದಲ್ಲಿ ಮುಳ್ಳು ತಿರುಪಿನಿಂದ ಹೀಗೆಯೇ ಸಾಗುತ್ತಿದ್ದಿತು. ೧೯೭೨ರಲ್ಲಿ ಡೆನ್ಮಾರ್ಕಿನ ಬ್ಯಾಂಗ್ ಅಂಡ್ ಓಲುಫ್‌ಸೆನ್ ಸಂಸ್ಥೆಯವರು ಬಿಯೋಗ್ರಾಮ್ ೪೦೦೦ ಯಂತ್ರದಲ್ಲಿ ಮೋಟಾರಿನಿಂದ ಬಾಹುವನ್ನು ಸರಿಸಿದರು. ಆದರೆ ಸೂಕ್ಷ್ಮ ಯಂತ್ರಕ್ಕೆ ಬೆಲೆಯೂ ಹೆಚ್ಚು, ರಿಪೇರಿಯೂ ಕಷ್ಟ. ಕೀಲಿನ ಬಾಹುವೇ ಬಹುಮಂದಿಗೆ ಒದಗಿತು.

ಕೊನೆಯಲ್ಲಿಯೇ ಒಡಕೇಕೆ? ಲಾಂಗ್ ಪ್ಲೇಯ ಹೊರಸುತ್ತು ಸುಮಾರು ೯೦ ಸೆಂಟಿಮೀಟರ್, ಒಳಸುತ್ತು ಸುಮಾರು ೪೦. ಅಷ್ಟೇ ಕಾಲದ ಗಾನವು ಅಲ್ಲಿ ಇಕ್ಕಟ್ಟಾಗಿ ಬರೆಯಲ್ಪಟ್ಟಿರುವುದರಿಂದ ಓರೆಯ ದೋಷವು ಅಲ್ಲಿಯೇ ಹೆಚ್ಚು ಕೇಳುವುದು.

ಅಳತೆಯ ಕಾಗದವಿಟ್ಟು ಮುಳ್ಳಿನ ಗೂಡನ್ನು ಸರಿಪಡಿಸಲು, ಪರಿಚಿತರ ಪ್ಲೇಟು ಬಹುಮಟ್ಟಿಗೆ ತಿಳಿಯಾಯಿತು. ಗೃಹಸ್ಥರು ಇನ್ನೊಂದನ್ನು ನೆನಪಿಡತಕ್ಕದ್ದು: ೭೮ ಸುತ್ತಿನ ಅರಗಿನ ಪ್ಲೇಟಿಗೆ ಲಾಂಗ್ ಪ್ಲೇಯ ಮುಳ್ಳು ಸಲ್ಲದು, ಅದರ ಗೀರು ಅಗಲವಾದುದು. ಹಿರಿಯರ ದನಿಯನ್ನು ಒಗೆಯುವ ಮುನ್ನ ನಮ್ಮ ಮುಳ್ಳು ನೆಟ್ಟಗಿದೆಯೇ ಎಂದು ನೋಡುವುದು ಲೇಸು.