ಹಿಮವೇ ಕೀಲೆಣ್ಣೆ

ಎತ್ತಿನ ಗಾಡಿಯ ಅಡಿಯಲ್ಲಿ ಕೀಲೆಣ್ಣೆಯ ಗೊಟ್ಟ ತೂಗಾಡುತ್ತಿದ್ದುದನ್ನು ಹಿರಿಯ ಓದುಗರು ಬಲ್ಲರು. ದೂರದ ಊರಿಗೆ ಹೊರಡುವ ಮುನ್ನ ಗಾಲಿ ಕಳಚಿ, ಇರುಸಿಗೆ ಆ ಕಪ್ಪು ಎಣ್ಣೆಯನ್ನು ಬಳಿದೇ ಹೊರಡಬೇಕು. ಮರೆತರೆ ದಾರಿಯುದ್ದಕ್ಕೂ ಕಿರುಗುಟ್ಟುವ ಸದ್ದು, ಎತ್ತುಗಳಿಗೆ ದಣಿವು, ಕೊನೆಗೆ ಸವೆದ ಇರುಸು. ಒಂದರ ಮೇಲೊಂದು ಉಜ್ಜುವ ಎರಡು ವಸ್ತುಗಳ ನಡುವೆ ಮೂರನೆಯದೊಂದು ಇರಬೇಕು ಎಂಬುದು ಗಾಡಿ ಹೂಡುವ ಪ್ರತಿಯೊಬ್ಬರಿಗೂ ತಿಳಿದಿದ್ದ ಸಂಗತಿ.

ಆದರೆ ಎಣ್ಣೆಯ ಗೊಟ್ಟವನ್ನೇ ಹೊತ್ತೊಯ್ಯದ ವಾಹನವೊಂದಿದೆ. ಅದು ತನಗೆ ಬೇಕಾದ ಕೀಲೆಣ್ಣೆಯನ್ನು ತಾನು ಓಡುವ ದಾರಿಯಿಂದಲೇ ಎತ್ತಿಕೊಳ್ಳುತ್ತದೆ. ಅದೇ ಸ್ನೋಮೊಬೈಲ್, ಅಂದರೆ ಹಿಮದ ಮೇಲೆ ಓಡುವ ಮೋಟಾರು ಬಂಡಿ. ಗುಲ್ಮಾರ್ಗಕ್ಕೆ ಪ್ರವಾಸ ಹೋದವರು ಬಾಡಿಗೆಗೆ ಸಿಗುವ ಈ ಬಂಡಿಯ ಮೇಲೆ ಒಂದು ಸುತ್ತು ಹಾಕಿರಬಹುದು. ಸಿಯಾಚಿನ್ ಹಿಮನದಿಯಲ್ಲಿ ನಮ್ಮ ಸೈನಿಕರು ಬಳಸುವ ‘ಸ್ನೋ ಸ್ಕೂಟರ್’ ಕೂಡ ಇದೇ. ಆದರೆ ಇದರ ನಿಜವಾದ ನೆಲೆ ಕೆನಡಾ, ಅಲಾಸ್ಕಾ ಹಾಗೂ ಉತ್ತರ ಯುರೋಪಿನ ಹಿಮಪ್ರದೇಶಗಳು. ಅಲ್ಲಿ ಇದು ಮೋಜಿನ ಆಟಿಕೆಯಷ್ಟೇ ಅಲ್ಲ. ಬೇಟೆಗೆ, ಹಿಮಸಾರಂಗ ಮೇಯಿಸಲು, ನೆರೆಯೂರಿಗೆ ಹೋಗಲು ಇರುವ ದಾರಿ. ಊರಿನಿಂದ ಬಹುದೂರ, ಸೊನ್ನೆಗಿಂತ 30 ಡಿಗ್ರಿ ಕೆಳಗಿನ ಚಳಿಯಲ್ಲಿ ಬಂಡಿ ಕೆಟ್ಟು ನಿಂತರೆ ಅದು ಪ್ರಾಣದ ಪ್ರಶ್ನೆ. ಹಾಗೆ ಕೆಡಲು ಇರುವ ಕಾರಣಗಳಲ್ಲಿ ಒಂದು, ಬಂಡಿಯ ಅಡಿಯಲ್ಲಿರುವ ಒಂದು ಪ್ಲಾಸ್ಟಿಕ್ ಪಟ್ಟಿಯ ಸವೆತ.

ಮಣ್ಣಿನ ಅಟ್ಟೆ

ಮೋಟಾರು ಬರುವುದಕ್ಕೆ ಬಹಳ ಹಿಂದೆಯೇ ಉತ್ತರ ಧ್ರುವ ಪ್ರದೇಶದ ಇನುಯಿಟ್ ಜನರು ಜಾರುವ ವಿದ್ಯೆಯಲ್ಲಿ ಪಳಗಿದ್ದರು. ನಾಯಿಗಳು ಎಳೆಯುವ ಅವರ ಜಾರುಬಂಡಿಗೆ ‘ಕಮುಟಿಕ್’ ಎಂದು ಹೆಸರು. ಗಾಲಿಯ ಬದಲು ಅದಕ್ಕೆ ಎರಡು ಉದ್ದನೆಯ ಹಲಗೆಗಳಿರುತ್ತವೆ. ಮರ ಹಿಮದ ಮೇಲೆ ಚೆನ್ನಾಗಿ ಜಾರುವುದಿಲ್ಲ, ಬೇಗನೆ ಸವೆಯುತ್ತದೆ. ಆದ್ದರಿಂದ ಹಲಗೆಯ ಅಡಿಗೆ ತಿಮಿಂಗಿಲದ ಎಲುಬನ್ನೋ ದಂತವನ್ನೋ ಅಟ್ಟೆಯಂತೆ ಬಿಗಿಯುತ್ತಿದ್ದರು. ಕಡುಚಳಿಗಾಲಕ್ಕೆ ಇನ್ನೂ ಜಾಣತನದ ಉಪಾಯವಿತ್ತು. ನಾರಿನಂಶ ತುಂಬಿದ ಜೌಗುಮಣ್ಣನ್ನು ನೀರಿನಲ್ಲಿ ಕಾಯಿಸಿ, ಅಂಬಲಿಯಂತೆ ಮಾಡಿ, ಹಲಗೆಯ ಅಡಿಗೆ ಮೆತ್ತುವುದು. ಅದು ಕ್ಷಣಮಾತ್ರದಲ್ಲಿ ಹೆಪ್ಪುಗಟ್ಟಿ ಕಲ್ಲಾಗುತ್ತಿತ್ತು. ಅದನ್ನು ನಯವಾಗಿ ಹೆರೆದು, ಬಾಯಲ್ಲಿ ನೀರು ತುಂಬಿಕೊಂಡು ಅದರ ಮೇಲೆ ಸಿಂಪಡಿಸಿ, ಹಿಮಕರಡಿಯ ಚರ್ಮದ ತುಂಡಿನಿಂದ ತೀಡುತ್ತಿದ್ದರು. ಮಣ್ಣಿನ ಮೇಲೆ ಗಾಜಿನಂಥ ಮಂಜುಗಡ್ಡೆಯ ಲೇಪ ಸಿದ್ಧ.

ಈ ಲೇಪ ಸವೆದಾಗ ದಾರಿಯಲ್ಲೇ ನಿಂತು ಮತ್ತೊಮ್ಮೆ ನೀರು ಸಿಂಪಡಿಸಿದರಾಯಿತು. ಬಂಡಿ ಕಲ್ಲಿಗೆ ತಾಗಿದರೆ ಮಾತ್ರ ಮಣ್ಣಿನ ಅಟ್ಟೆ ಒಡೆದುಹೋಗುತ್ತಿತ್ತು. ವಸಂತ ಬಂದು ಮಣ್ಣು ಕರಗತೊಡಗಿದರೆ ಮತ್ತೆ ಎಲುಬಿನ ಅಥವಾ ಲೋಹದ ಪಟ್ಟಿಯೇ ಗತಿ. ಯಾವ ಕಾಲಕ್ಕೆ ಯಾವ ಅಟ್ಟೆ ಎಂಬ ತಿಳಿವಳಿಕೆ ಅವರ ಬದುಕಿನ ಭಾಗವಾಗಿತ್ತು.

ನೀರಿನ ತೆಳುಪೊರೆ

ಹಿಮ ಜಾರುವುದೇಕೆ? ಭಾರದ ಒತ್ತಡಕ್ಕೆ ಹಿಮ ಕರಗುವುದರಿಂದ ಎಂದು ಬಹುಕಾಲ ನಂಬಲಾಗಿತ್ತು. ಆದರೆ ಲೆಕ್ಕ ಹಾಕಿ ನೋಡಿದರೆ ಸಾಮಾನ್ಯ ಜಾರುಬಂಡಿಯ ಭಾರ ಅದಕ್ಕೆ ಸಾಲದು. ಬೌಡನ್ ಮತ್ತು ಹ್ಯೂಸ್ ಎಂಬ ಇಬ್ಬರು ವಿಜ್ಞಾನಿಗಳು ಸ್ವಿಟ್ಜರ್‌ಲೆಂಡಿನ ಎತ್ತರದ ಯುಂಗ್‌ಫ್ರೌಯೋಕ್‌ನಲ್ಲಿ ಪ್ರಯೋಗ ನಡೆಸಿ 1939ರಲ್ಲಿ ಬೇರೊಂದು ವಿವರಣೆ ಕೊಟ್ಟರು. ಉಜ್ಜುವಿಕೆಯಿಂದ ಹುಟ್ಟುವ ಶಾಖವೇ ಹಿಮವನ್ನು ತುಸು ಕರಗಿಸುತ್ತದೆ; ಹಾಗೆ ಉಂಟಾದ ನೀರಿನ ತೆಳುಪೊರೆಯ ಮೇಲೆ ವಸ್ತು ಜಾರುತ್ತದೆ ಎಂದರು. ಹಿಮದ ಮೇಲ್ಮೈ ಅಣುಗಳ ಸ್ವಭಾವದ ಬಗ್ಗೆ ನಂತರ ಇನ್ನಷ್ಟು ತಿಳಿದುಬಂದಿದೆಯಾದರೂ ವೇಗವಾಗಿ ಜಾರುವ ವಸ್ತುಗಳ ಮಟ್ಟಿಗೆ ಈ ವಿವರಣೆ ಇಂದಿಗೂ ಮುಖ್ಯವೇ.

ಚಳಿ ಅತಿಯಾದರೆ ಈ ಪೊರೆ ಮೂಡುವುದು ಕಷ್ಟ. 1911-12ರಲ್ಲಿ ದಕ್ಷಿಣ ಧ್ರುವದತ್ತ ನಡೆದ ಕ್ಯಾಪ್ಟನ್ ಸ್ಕಾಟ್‌ನ ತಂಡದವರು ಜಾರುಬಂಡಿಗಳನ್ನು ತಾವೇ ಎಳೆಯುವಾಗ, ಹಿಮವು ಮರಳಿನಂತೆ ಹಿಡಿದೆಳೆಯುತ್ತದೆಂದು ಗೋಳಾಡಿದ್ದರ ಗುಟ್ಟು ಇದೇ.

ಮಗುವಿನ ಸಾವು, ಬಂಡಿಯ ಹುಟ್ಟು

ಹಿಮದ ಮೇಲೆ ಮೋಟಾರು ಓಡಿಸುವ ಕನಸನ್ನು ನನಸಾಗಿಸಿದವರಲ್ಲಿ ದೊಡ್ಡ ಹೆಸರು ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ ಎಂಬಾತನದು. ಆತ 1907ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್‌ಕೂರ್ ಬಳಿ ಹುಟ್ಟಿದ ಮೆಕ್ಯಾನಿಕ್. ಹದಿನೈದನೆಯ ವಯಸ್ಸಿನಲ್ಲೇ ಹಳೆಯ ಫೋರ್ಡ್ ಎಂಜಿನ್ನಿಗೆ ವಿಮಾನದಂಥ ಪಂಖ ಕಟ್ಟಿ ಹಿಮದ ಮೇಲೆ ಬಂಡಿ ಓಡಿಸಿದ್ದ. ಆಗ ಕ್ವಿಬೆಕ್‌ನ ಹಳ್ಳಿದಾರಿಗಳು ಚಳಿಗಾಲವಿಡೀ ಹಿಮದಲ್ಲಿ ಹೂತಿರುತ್ತಿದ್ದವು. 1934ರ ಚಳಿಗಾಲದಲ್ಲಿ ಆತನ ಎರಡು ವರ್ಷದ ಮಗನಿಗೆ ಕರುಳುಬಾಲದ ಉರಿಯೂತವಾಯಿತು. ಹಿಮ ಮುಚ್ಚಿದ ದಾರಿಯಲ್ಲಿ ಆಸ್ಪತ್ರೆ ತಲುಪಲಾಗದೆ ಮಗು ತೀರಿಕೊಂಡಿತು. ಹಲ್ಲುಗಾಲಿಯಿಂದ ತಿರುಗುವ ರಬ್ಬರ್ ಪಟ್ಟಾದ ವ್ಯವಸ್ಥೆಯನ್ನು ಆತ ಸಿದ್ಧಪಡಿಸಿದ್ದು ಆ ಬಳಿಕ. 1937ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಏಳು ಜನ ಕೂರುವ ಆ ಹಿಮವಾಹನಗಳು ವೈದ್ಯರನ್ನೂ ಅಂಚೆಯನ್ನೂ ಶಾಲಾ ಮಕ್ಕಳನ್ನೂ ಹೊತ್ತು ಓಡಾಡಿದವು. 1959ರಲ್ಲಿ ಒಬ್ಬಿಬ್ಬರು ಕೂರುವ ಹಗುರವಾದ ‘ಸ್ಕೀ-ಡೂ’ ಬಂತು.

ಆರಂಭದ ಸ್ನೋಮೊಬೈಲುಗಳಲ್ಲಿ ಪಟ್ಟಾದ ಒಳಗೆ ಸಾಲಾಗಿ ಸಣ್ಣ ಗಾಲಿಗಳಿದ್ದವು. 1970ರ ದಶಕದಲ್ಲಿ ಅವುಗಳ ಜಾಗಕ್ಕೆ ಬೇರೊಂದು ವಿಧಾನ ಬಂದು ನೆಲೆಯೂರಿತು. ಗಾಲಿಸಾಲಿನ ಬದಲು ಎರಡು ಉದ್ದನೆಯ ಲೋಹದ ಹಳಿಗಳು. ಹಳಿಗಳ ಅಡಿಗೆ ಒಂದೊಂದು ಪ್ಲಾಸ್ಟಿಕ್ ಪಟ್ಟಿ. ಇದನ್ನು ‘ಸ್ಲೈಡ್’ ಎನ್ನುತ್ತಾರೆ. ನಾವು ಜಾರುಪಟ್ಟಿ ಎನ್ನೋಣ. ಗಿರಣಿಯ ಪಟ್ಟಾದಂತೆ ಸುತ್ತುವ ರಬ್ಬರ್ ಪಟ್ಟಾದ ಒಳಮೈಗೆ ಉಕ್ಕಿನ ಕ್ಲಿಪ್ಪುಗಳನ್ನು ಕೂಡಿಸಿರುತ್ತಾರೆ. ಬಂಡಿಯ ಹಿಂಭಾಗದ ಭಾರ ಬಹುಪಾಲು ಜಾರುಪಟ್ಟಿಗಳ ಮೂಲಕ ಈ ಕ್ಲಿಪ್ಪುಗಳ ಮೇಲೆ ಬೀಳುತ್ತದೆ.

ಇದರ ಲಾಭ ಸ್ಪಷ್ಟ. ಭಾರ ಉದ್ದಕ್ಕೂ ಸಮನಾಗಿ ಹಂಚಿಹೋಗುತ್ತದೆ, ಸವಾರಿ ಹಿತವಾಗುತ್ತದೆ. ಆದರೆ ಉರುಳುತ್ತಿದ್ದದ್ದು ಈಗ ಉಜ್ಜತೊಡಗಿತು. ಬಂಡಿ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಓಡುತ್ತಿದ್ದರೆ, ಉಕ್ಕಿನ ಕ್ಲಿಪ್ಪುಗಳು ಸೆಕೆಂಡಿಗೆ 22 ಮೀಟರಿನಂತೆ ಪ್ಲಾಸ್ಟಿಕ್ಕನ್ನು ಉಜ್ಜುತ್ತಾ ಸಾಗುತ್ತವೆ.

ಈ ಪ್ಲಾಸ್ಟಿಕ್ ಸಾಮಾನ್ಯದ್ದಲ್ಲ. ನಮ್ಮ ಕೈಚೀಲದ ಪಾಲಿಥೀನ್‌ನ ಕುಲಕ್ಕೇ ಸೇರಿದ್ದಾದರೂ ಇದರ ಅಣುಸರಪಳಿಗಳು ಬಹಳ ಉದ್ದ. ಆದ್ದರಿಂದ ಸವೆತಕ್ಕೆ ಬಗ್ಗದು. ಇಂಗ್ಲೆಂಡಿನ ಶಸ್ತ್ರವೈದ್ಯ ಜಾನ್ ಚಾರ್ನ್‌ಲಿ 1962ರಿಂದ ಕೃತಕ ಸೊಂಟದ ಕೀಲಿಗೆ ಬಳಸಿದ್ದೂ ಇದೇ ಜಾತಿಯ ಪ್ಲಾಸ್ಟಿಕ್ಕನ್ನು. ಆದರೆ ಇದಕ್ಕೆ ಒಂದು ದೌರ್ಬಲ್ಯವಿದೆ. ಸುಮಾರು 130 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕರಗುತ್ತದೆ. ಅದಕ್ಕೆ ಮೊದಲೇ ಮೆತ್ತಗಾಗುತ್ತದೆ.

ಸವೆತ ತಗ್ಗಿಸುವ ಬಗೆ

ಪಟ್ಟಾದಲ್ಲಿ ಅಲ್ಲಲ್ಲಿ ಕಿಟಕಿಯಂಥ ರಂಧ್ರಗಳಿವೆ. ಬಂಡಿ ಓಡುವಾಗ ಅವುಗಳ ಮೂಲಕ ಹಿಮ ಒಳನುಗ್ಗಿ ಜಾರುಪಟ್ಟಿಗೆ ಬಡಿಯುತ್ತದೆ. ಆ ಹಿಮವೇ ಕರಗಿ ನೀರಾಗಿ, ಕ್ಲಿಪ್ಪಿಗೂ ಪ್ಲಾಸ್ಟಿಕ್ಕಿಗೂ ನಡುವೆ ಕೀಲೆಣ್ಣೆಯಾಗುತ್ತದೆ, ಶಾಖವನ್ನೂ ಹೀರಿಕೊಳ್ಳುತ್ತದೆ. ಇನುಯಿಟ್ ಬೇಟೆಗಾರ ಬಾಯಿಂದ ಸಿಂಪಡಿಸುತ್ತಿದ್ದ ನೀರಿನ ಕೆಲಸವನ್ನು ಇಲ್ಲಿ ದಾರಿಯೇ ಮಾಡುತ್ತದೆ. ಆದ್ದರಿಂದ ಮೊದಲ ಸೂತ್ರ ಇಷ್ಟೇ: ಜಾರುಪಟ್ಟಿ ಹಿಮಕ್ಕೆ ಹಸಿಯಬಾರದು.

ಹೆಪ್ಪುಗಟ್ಟಿದ ಸರೋವರದ ಗಾಜಿನಂಥ ಮಂಜುಗಡ್ಡೆ, ಓಡಾಟದಿಂದ ಗಟ್ಟಿಯಾದ ದಾರಿ, ಹಿಮ ಸರಿಸಿದ ಡಾಂಬರು ರಸ್ತೆ ಇವೆಲ್ಲ ಜಾರುಪಟ್ಟಿಯ ಶತ್ರುಗಳು. ಅಲ್ಲಿ ಸಡಿಲ ಹಿಮ ಮೇಲೇಳುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಪ್ಲಾಸ್ಟಿಕ್ ಕಾದು, ಮೆತ್ತಗಾಗಿ, ಕ್ಲಿಪ್ಪುಗಳಿಗೆ ಅಂಟತೊಡಗುತ್ತದೆ. ಅನುಭವಿ ಸವಾರರು ಇಂಥ ಕಡೆ ವೇಗ ತಗ್ಗಿಸುತ್ತಾರೆ. ಆಗಾಗ ದಾರಿಯ ಅಂಚಿನ ಸಡಿಲ ಹಿಮಕ್ಕೆ ಇಳಿದು ಸ್ವಲ್ಪ ದೂರ ಓಡಿಸುತ್ತಾರೆ. ಅದು ಸಾಲದೆಡೆ ‘ಐಸ್ ಸ್ಕ್ರ್ಯಾಚರ್’ ಎಂಬ ಸಾಧನವಿದೆ. ಸ್ಪ್ರಿಂಗಿನಂತೆ ಬಳುಕುವ ತಂತಿಯ ತುದಿಯಲ್ಲಿ ಗಟ್ಟಿ ಲೋಹದ ಮೊನೆ. ಇದು ಮಂಜುಗಡ್ಡೆಯನ್ನು ಕೆರೆಯುತ್ತಾ ಹಿಮದ ಪುಡಿಯನ್ನು ಪಟ್ಟಾದೊಳಕ್ಕೆ ಎರಚುತ್ತದೆ. ನೀರಿನಿಂದ ತಂಪಾಗುವ ಎಂಜಿನ್ನುಳ್ಳ ಬಂಡಿಗಳಲ್ಲಿ ಇದೇ ಪುಡಿ ಎಂಜಿನ್ನನ್ನೂ ತಣಿಸುತ್ತದೆ.

ಎರಡನೆಯದು ಬಿಗಿತ. ಪಟ್ಟಾ ತೀರ ಬಿಗಿಯಾಗಿದ್ದರೆ ಜಾರುಪಟ್ಟಿಯ ಮೇಲಿನ ಒತ್ತಡ ಹೆಚ್ಚುತ್ತದೆ; ಸಡಿಲವಾಗಿದ್ದರೆ ಹಲ್ಲುಗಾಲಿಯ ಮೇಲೆ ಪಟ್ಟಾ ಎಗರುತ್ತದೆ. ಆದ್ದರಿಂದ ಪಟ್ಟಾದ ನಡುವಿಗೆ ಗೊತ್ತಾದ ತೂಕ ಹಾಕಿ, ಅದು ಎಷ್ಟು ಜೋತುಬೀಳುತ್ತದೆಂದು ಅಳೆದು ಹದ ಮಾಡುತ್ತಾರೆ. ಹಿಂಗಾಲಿ ಒಂದಿಷ್ಟು ಓರೆಯಾದರೂ ಪಟ್ಟಾ ಒಂದು ಪಕ್ಕಕ್ಕೆ ವಾಲಿ, ಜಾರುಪಟ್ಟಿಯ ಒಂದು ಅಂಚು ಮಾತ್ರ ತಿಂದುಹೋಗುತ್ತದೆ.

ಸವೆದ ಪಟ್ಟಿಯನ್ನು ಬಿಚ್ಚಿ ನೋಡಿದರೆ ಬಂಡಿಯ ಕಾಯಿಲೆ ತಿಳಿಯುತ್ತದೆ. ಉದ್ದಕ್ಕೂ ಒಂದೇ ಸಮನೆ ಸವೆದಿದ್ದರೆ ಅದು ವಯಸ್ಸಿನ ಗುಣ. ಮುಂದಿನ ಬಾಗಿನಲ್ಲಿ ಮಾತ್ರ ಸವೆದಿದ್ದರೆ ಅಲ್ಲಿ ಭಾರ ಹೆಚ್ಚಾಗಿ ಬೀಳುತ್ತಿದೆ ಎಂದರ್ಥ. ಸಸ್ಪೆನ್ಷನ್ನಿನ ಮುಂಭಾಗದ ಹೊಂದಾಣಿಕೆ ತಿದ್ದಬೇಕು. ಹಳಿಗಳ ಪಕ್ಕದಲ್ಲಿ ಇನ್ನೆರಡು ಸಣ್ಣ ಗಾಲಿ ಕೂಡಿಸಿದರೆ ಅವು ಭಾರದಲ್ಲಿ ಪಾಲು ಪಡೆಯುತ್ತವೆ. 1970ರ ದಶಕದಲ್ಲಿ ಹಿಂದೆ ಸರಿದ ಗಾಲಿಗಳನ್ನು ಗಟ್ಟಿ ದಾರಿಗಾಗಿ ಮತ್ತೆ ಕರೆದಂತೆ ಇದು! ಕಿತ್ತುಹೋದ ಕ್ಲಿಪ್ಪುಗಳನ್ನು ಕೂಡಲೇ ಬದಲಿಸಬೇಕು. ಪಟ್ಟಿಯ ಪಕ್ಕದಲ್ಲಿ ಗುರುತಿನ ಗೆರೆ ಇದ್ದರೆ ಸವೆತ ಅಲ್ಲಿಗೆ ಮುಟ್ಟುವ ಮೊದಲೇ ಹೊಸತು ಹಾಕಬೇಕು. ಇಲ್ಲವಾದರೆ ಉಕ್ಕು ನೇರವಾಗಿ ಹಳಿಯನ್ನೇ ಉಜ್ಜಿ, ಚಿಕ್ಕ ಖರ್ಚಿನಲ್ಲಿ ಮುಗಿಯಬೇಕಾದದ್ದು ದೊಡ್ಡ ಖರ್ಚಾಗುತ್ತದೆ.

ಪಟ್ಟಿಯೊಂದರ ಬೆಲೆ

ಆ ಖರ್ಚಿನ ಮಾತು ಸಣ್ಣದಲ್ಲ. ಎರಡನೆಯ ಮಹಾಯುದ್ಧದ ನಂತರ ತಮ್ಮ ನೆಲ ಕಳೆದುಕೊಂಡು ಫಿನ್‌ಲೆಂಡಿನ ಸೆವೆಟ್ಟಿಯಾರ್ವಿ ಪ್ರದೇಶದಲ್ಲಿ ನೆಲೆಸಿದ ಸ್ಕೋಲ್ಟ್ ಸಾಮಿ ಎಂಬ ಜನಾಂಗದ ನಡುವೆ ಇದ್ದು, ಪೆರ್ಟಿ ಪೆಲ್ಟೊ ಎಂಬ ಅಮೆರಿಕದ ಮಾನವಶಾಸ್ತ್ರಜ್ಞ ಅಧ್ಯಯನ ನಡೆಸಿದರು. ಅವರ ಪುಸ್ತಕ 1973ರಲ್ಲಿ ಹೊರಬಂತು. ಅದರ ಹೆಸರೇ ‘ಸ್ನೋಮೊಬೈಲ್ ಕ್ರಾಂತಿ’ ಎಂಬ ಅರ್ಥದ್ದು. ಹಿಮಸಾರಂಗವೇ ಬಂಡಿ ಎಳೆಯುತ್ತಿದ್ದಾಗ ಅಲ್ಲಿನ ಕುಟುಂಬಗಳಲ್ಲಿ ಹೆಚ್ಚಿನ ಅಂತರವಿರಲಿಲ್ಲ. ಮೋಟಾರು ಬಂದಮೇಲೆ ಪೆಟ್ರೋಲು, ಬಿಡಿಭಾಗ, ಸಾಲದ ಕಂತು ಎಲ್ಲಕ್ಕೂ ನಗದು ಹಣ ಬೇಕಾಯಿತು. ಹಣವುಳ್ಳವರು ಮುಂದೆ ಹೋದರು. ಇಲ್ಲದ ಅನೇಕರು ಸಾರಂಗ ಸಾಕುವುದನ್ನೇ ಬಿಡಬೇಕಾಯಿತು. ಜೌಗುಮಣ್ಣು ನೆಲದಲ್ಲಿ ಪುಕ್ಕಟೆ ಸಿಗುತ್ತಿತ್ತು. ಪ್ಲಾಸ್ಟಿಕ್ ಪಟ್ಟಿ ದೂರದ ಕಾರ್ಖಾನೆಯಿಂದ ಬರಬೇಕು. ಅದು ಒಂದು ಚಳಿಗಾಲ ಹೆಚ್ಚು ಬಾಳಿದರೆ ಅಷ್ಟೂ ಉಳಿತಾಯ.

ಹಾಗೆಂದು ಹಳೆಯದೆಲ್ಲ ಅಳಿದುಹೋಗಿಲ್ಲ. ಇನುಯಿಟ್ ಜನರು ಇಂದು ಸ್ನೋಮೊಬೈಲಿನ ಹಿಂದೆ ಎಳೆಯುವುದು ಅದೇ ಕಮುಟಿಕ್ಕನ್ನು. ಅದರ ಹಲಗೆಯ ಅಡಿಗೆ ಈಗ ಮಣ್ಣು ಅಥವಾ ಎಲುಬಿನ ಬದಲು ಜಾರುಪಟ್ಟಿಯದೇ ಜಾತಿಯ ಪ್ಲಾಸ್ಟಿಕ್ ಬಂದಿದೆ.

ಆದರೆ ಕೀಲೆಣ್ಣೆಯೇ ಕಡಿಮೆಯಾದರೆ? ಉತ್ತರ ಧ್ರುವ ಪ್ರದೇಶ 1979ರಿಂದೀಚೆಗೆ ಭೂಮಿಯ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆಯೆಂದು ಫಿನ್‌ಲೆಂಡಿನ ಸಂಶೋಧಕರು 2022ರಲ್ಲಿ ತೋರಿಸಿಕೊಟ್ಟರು. ಹಿಮ ತಡವಾಗಿ ಬಿದ್ದು ಬೇಗ ಕರಗುವ ಕಡೆ ದಾರಿಯಲ್ಲಿ ಕಲ್ಲು, ಬರಿನೆಲ, ಬೋಳು ಮಂಜುಗಡ್ಡೆ ಹೆಚ್ಚುತ್ತವೆ. ಬಿಗಿತ ಸರಿಪಡಿಸಬಹುದು, ಗಾಲಿ ಕೂಡಿಸಬಹುದು, ಕೆರೆಯುವ ಮೊನೆಯನ್ನೂ ಹಚ್ಚಬಹುದು. ಕೆರೆದಾಗ ಮೇಲೇಳಲು ಹಿಮವೇ ಇಲ್ಲದಿದ್ದರೆ ಅದಕ್ಕೆ ಯಾವ ಮೆಕ್ಯಾನಿಕ್ಕಿನ ಬಳಿಯೂ ಬಿಡಿಭಾಗವಿಲ್ಲ.