ಗುಜರಿ ಗಿಟಾರಿಗೆ ಎಷ್ಟು ಬೆಲೆ, ಸ್ವಾಮಿ?

ಬಸ್‌ಸ್ಟ್ಯಾಂಡ್ ಹಿಂದಿನ ಗುಜರಿ ಅಂಗಡಿಯಲ್ಲಿ ಹೋದ ವಾರ ಒಂದು ಗಿಟಾರ್ ನೇತುಹಾಕಿದ್ದರು. ಆಚೆಗೊಂದು ಹಳೇ ಸೀಲಿಂಗ್ ಫ್ಯಾನು, ಈಚೆಗೊಂದು ತೂತುಬಿದ್ದ ಹಂಡೆ, ನಡುವೆ ಇದು. ಆರು ತಂತಿಯಲ್ಲಿ ನಾಲ್ಕು ಉಳಿದಿವೆ. ಒಳಗಿನ ಚೀಟಿಯಲ್ಲಿ ‘ಕಲ್ಕತ್ತಾ’ ಅನ್ನೋದು ಬಿಟ್ಟರೆ ಬೇರೇನೂ ಓದಕ್ಕಾಗಲ್ಲ.

‘ಎಷ್ಟಪ್ಪಾ?’ ಅಂದೆ.

‘ಮುನ್ನೂರು ಕೊಡಿ ಸಾರ್. ಭಾನುವಾರದ ತನಕ ನೋಡ್ತೀನಿ. ಹೋಗ್ಲಿಲ್ಲ ಅಂದ್ರೆ ಕೀಲಿ ಬಿಚ್ಚಿ ಕಬ್ಬಿಣಕ್ಕೆ ಹಾಕ್ತೀನಿ, ಡಬ್ಬಿ ನೀರೊಲೆಗೆ.’

ಅವನದು ತಪ್ಪೇನಿಲ್ಲ, ವ್ಯಾಪಾರ. ಆದರೆ ಅಗ್ಗದ ಗಿಟಾರಿನ ಚರಿತ್ರೆಯೂ ಒಂದು ವ್ಯಾಪಾರದಿಂದಲೇ ಶುರುವಾದದ್ದು. ಅದನ್ನು ಹೇಳಿಬಿಡುತ್ತೇನೆ, ಆಮೇಲೆ ನೀವೇ ಬೆಲೆ ಕಟ್ಟಿ.

ಅಮೆರಿಕದ ಶಿಕಾಗೋದಲ್ಲಿ ಸಿಯರ್ಸ್ ಅಂತ ಒಂದು ಕಂಪನಿ. ನಮ್ಮಲ್ಲಿ ಒಂದು ಕಾಲಕ್ಕೆ ಜಾಹೀರಾತು ನೋಡಿ ವಿ.ಪಿ.ಪಿ.ಯಲ್ಲಿ ಟಾರ್ಚು, ಗಡಿಯಾರ ತರಿಸುತ್ತಿದ್ದೆವಲ್ಲ, ಅದೇ ಕಸುಬು. ಅವರ ದಪ್ಪನೆಯ ಕ್ಯಾಟಲಾಗು ಹಳ್ಳಿಹಳ್ಳಿಗೂ ಹೋಗುತ್ತಿತ್ತು. ನೇಗಿಲು, ಹೊಲಿಗೆ ಮಿಷನ್ನು, ಸೀರೆ ಬದಲು ಗೌನು, ಅದರ ಜೊತೆಗೇ ಕೆಲವೇ ಡಾಲರಿಗೆ ಗಿಟಾರು. ದಕ್ಷಿಣದ ಹತ್ತಿ ಹೊಲದಲ್ಲಿ ಪಾಲಿಗೆ ದುಡಿಯುತ್ತಿದ್ದ ಕರಿಯರು ಬಿಳಿಯರ ಅಂಗಡಿಗೆ ಹೋದರೆ ಎಲ್ಲರ ಕೊನೆಗೆ ನಿಲ್ಲಬೇಕು, ಸಾಲದ ಪುಸ್ತಕಕ್ಕೆ ಸಿಕ್ಕಿಬೀಳಬೇಕು. ಕ್ಯಾಟಲಾಗು ಮುಖ ನೋಡೋದಿಲ್ಲ. ಎಲ್ಲರಿಗೂ ಒಂದೇ ರೇಟು. (ನಮ್ಮ ಪೇಟೆಯವರು ಬೇಜಾರು ಮಾಡ್ಕೋಬೇಡಿ, ಇದು ನಿಮ್ಮ ಮಾತಲ್ಲ.)

ಗಿಟಾರು ಮಾಡಿಕೊಡುತ್ತಿದ್ದವರಲ್ಲಿ ದೊಡ್ಡ ಹೆಸರು ಹಾರ್ಮನಿ. 1892ರಲ್ಲಿ ವಿಲ್ಹೆಲ್ಮ್ ಶುಲ್ಟ್ಸ್ ಎಂಬ ಜರ್ಮನ್ ವಲಸೆಗಾರ ಶಿಕಾಗೋದಲ್ಲಿ ತೆರೆದ ಕಾರ್ಖಾನೆ. 1916ರಲ್ಲಿ ಸಿಯರ್ಸ್ ಕಂಪನಿ ಕಾರ್ಖಾನೆಯನ್ನೇ ಕೊಂಡುಬಿಟ್ಟಿತು. ಯಾಕೆ ಗೊತ್ತೆ? ಆಗ ಉಕುಲೇಲೆ ಅನ್ನೋ ನಾಲ್ಕು ತಂತಿಯ ಪುಟ್ಟ ವಾದ್ಯದ ಹುಚ್ಚು ಹತ್ತಿತ್ತು, ಮಾಲು ಸಾಲದೆ ಬಂದಿತ್ತು! 1940ರಲ್ಲಿ ಸಿಯರ್ಸ್ ಕೈಬಿಟ್ಟಿತು. 1964-65ರ ಹೊತ್ತಿಗೆ ಹಾರ್ಮನಿಯ ಮಾರಾಟ ಸುಮಾರು ಮೂರೂವರೆ ಲಕ್ಷ ವಾದ್ಯ. ಹತ್ತೇ ವರ್ಷ. ಜಪಾನಿನ ಮಾಲು ಇನ್ನೂ ಅಗ್ಗಕ್ಕೆ ಬಂತು, 1975ರಲ್ಲಿ ಕಾರ್ಖಾನೆಗೆ ಬೀಗ.

ಇನ್ನೊಂದು ಹೆಸರು ಸ್ಟೆಲ್ಲಾ. ಮೊದಲು ಜರ್ಸಿ ಸಿಟಿಯ ಆಸ್ಕರ್ ಶ್ಮಿಟ್ ಕಂಪನಿಯದು, 1939ರಲ್ಲಿ ಹೆಸರು ಹಾರ್ಮನಿ ಪಾಲಾಯಿತು. ಬ್ಲೂಸ್ ಹಾಡಿದ ಎಷ್ಟೋ ಬಡವರ ಕೈಯಲ್ಲಿದ್ದದ್ದು ಇದೇ. ಜೈಲು ಕಂಡು ಬಂದ ಲೆಡ್ ಬೆಲ್ಲಿ ಜಗತ್ಪ್ರಸಿದ್ಧನಾದದ್ದು ಹನ್ನೆರಡು ತಂತಿಯ ಸ್ಟೆಲ್ಲಾ ಹಿಡಿದು.

ಅಗ್ಗದ್ದು ಅಗ್ಗ ಹೇಗಾಯ್ತು ಅಂತೀರಾ? ದುಬಾರಿ ಗಿಟಾರಿನ ಮುಚ್ಚಳದ ಒಳಗಡೆ ಪಟ್ಟಿಗಳನ್ನು ಗುಣಾಕಾರದ ಗುರುತಿನ ಹಾಗೆ ಕೂರಿಸಿರುತ್ತಾರೆ. ಅಗ್ಗದ್ದರಲ್ಲಿ ಏಣಿ ಮೆಟ್ಟಿಲ ಹಾಗೆ ಅಡ್ಡಡ್ಡ. ಕೆಲಸ ಕಮ್ಮಿ, ಕೂಲಿ ಕಮ್ಮಿ. ನಾದ ತುಂಬ ಹೊತ್ತು ನಿಲ್ಲಲ್ಲ, ಠಣ್ ಅಂದು ಆರಿಹೋಗುತ್ತೆ. ಆದರೆ ಹಾಡುವವನ ದನಿಗೆ ಅಡ್ಡ ಬರಲ್ಲ. ಇವತ್ತು ಆ ಆರಿಹೋಗುವ ದನಿಗೇ ಆಸೆಪಟ್ಟು ಶ್ಮಿಟ್ ಕಾಲದ ಸ್ಟೆಲ್ಲಾಕ್ಕೆ ಸಾವಿರಾರು ಡಾಲರ್ ಎಣಿಸುವವರಿದ್ದಾರೆ.

ಲಿವರ್‌ಪೂಲಿನ ಹುಡುಗ ಜಾನ್ ಲೆನನ್ ಕಥೆ ಇನ್ನೂ ಸ್ವಾರಸ್ಯ. 1957ರ ಜುಲೈ 6ರಂದು ಒಂದು ಚರ್ಚಿನ ಜಾತ್ರೆಯಲ್ಲಿ ಅವನು ನುಡಿಸಿದ್ದು ಅಂಚೆಯಲ್ಲಿ ತರಿಸಿದ ದಕ್ಷಿಣ ಆಫ್ರಿಕಾದ ಗ್ಯಾಲೋಟೋನ್. ‘ಬಿರಿಯುವುದಿಲ್ಲ, ಗ್ಯಾರಂಟಿ’ ಅಂತ ಒಳಗೆ ಚೀಟಿ ಬೇರೆ. ಪಾಲ್ ಮೆಕಾರ್ಟ್ನಿ ಪರಿಚಯವಾದದ್ದು ಅದೇ ದಿನ. ಅವನನ್ನು ಸಾಕಿದ ದೊಡ್ಡಮ್ಮ, ಗಿಟಾರಿನಿಂದ ಹೊಟ್ಟೆ ತುಂಬಲ್ಲ ಅಂತ ಗದರುತ್ತಿದ್ದಳಂತೆ. ಅದೇ ಗಿಟಾರು 1999ರಲ್ಲಿ ಲಂಡನ್ನಿನ ಸಾದೆಬೀಸ್ ಹರಾಜಿನಲ್ಲಿ 1,55,500 ಪೌಂಡಿಗೆ ಹೋಯಿತು.

ಇದನ್ನೋದಿ ಅಟ್ಟ ಹತ್ತಬೇಡಿ! ಆ ದುಡ್ಡು ಬಂದದ್ದು ಲೆನನ್ ಕೈಗೆ, ಮರಕ್ಕಲ್ಲ. ಲಕ್ಷಗಟ್ಟಲೆ ತಯಾರಾದ ಮಾಲಿಗೆ ಬೆಲೆ ಏರೋದು ಕಷ್ಟ. ಮೇಲಾಗಿ ರಿಪೇರಿ ಖರ್ಚು. ಉಕ್ಕಿನ ಆರು ತಂತಿ ಬಿಗಿದರೆ ಒಟ್ಟು ಎಳೆತ ಸುಮಾರು 70 ಕಿಲೋ, ಒಬ್ಬ ಗಟ್ಟಿ ಆಳಿನ ತೂಕ. ವರ್ಷಾನುಗಟ್ಟಲೆ ಎಳೆಸಿಕೊಂಡು ಕತ್ತು ಬಾಗುತ್ತೆ, ಮುಚ್ಚಳ ಉಬ್ಬುತ್ತೆ, ತಂತಿ ಕಟ್ಟಿರುವ ಬ್ರಿಜ್ಜು ಎದ್ದು ಬರುತ್ತೆ.

ಕೊಳ್ಳೋದಾದರೆ ಹೀಗೆ ನೋಡಿ. ಕತ್ತನ್ನು ಬಂದೂಕಿಗೆ ಗುರಿ ಹಿಡಿದ ಹಾಗೆ ಒಂದು ಕಣ್ಣಲ್ಲಿ ನೋಡಿ, ಬಾಗಿದ್ದರೆ ತಿಳಿಯುತ್ತೆ. ನಡುವಿನ ತೂತಿನ ಅಂಚು ನೋಡಿ, ಪದರ ಪದರ ಕಂಡರೆ ಪ್ಲೈವುಡ್. ಪ್ಲೈವುಡ್ಡಾದರೆ ಬಿಟ್ಟುಬಿಡಿ ಅಂತಲ್ಲ, ಕಲಿಯೋ ಮಕ್ಕಳಿಗೆ ಅದೇ ಸರಿ, ಬೇಸಿಗೆಗೆ ಬೇಗ ಬಿರಿಯಲ್ಲ. ಕೊನೆಗೆ ಬ್ರಿಜ್ಜಿನ ಕೆಳಗೆ ಬಸ್ ಟಿಕೆಟ್ ತೂರಿಸಿ. ತೂರಿದರೆ ಅಂಟು ಬಿಟ್ಟಿದೆ ಅಂತಲೇ ಲೆಕ್ಕ.

ಶನಿವಾರ ಸಂಜೆ ಆಫೀಸು ಮುಗಿಸಿ ಹೋದೆ. ಗಿಟಾರು ಅಲ್ಲೇ ಇತ್ತು. ಕತ್ತು ನೆಟ್ಟಗಿದೆ. ಟಿಕೆಟ್ ಮಾತ್ರ ಅರ್ಧದಷ್ಟು ಒಳಗೆ ಹೋಯಿತು. ಅದನ್ನೇ ತೋರಿಸಿ ಚೌಕಾಸಿ ಮಾಡಿ ಇನ್ನೂರೈವತ್ತಕ್ಕೆ ಇಳಿಸಿದೆ.

ಬ್ರಿಜ್ಜು ಅಂಟಿಸಿ ತಂತಿ ಕಟ್ಟಿಕೊಡೋದಕ್ಕೆ ಹಾರ್ಮೋನಿಯಂ ರಿಪೇರಿಯವರು ಆರುನೂರು ಕೇಳಿದ್ದಾರೆ. ಮನೆಯಲ್ಲಿ ಇನ್ನೂರೈವತ್ತರ ವಿಷಯ ಮಾತ್ರ ಹೇಳಿದ್ದೇನೆ.