ಪರದೆಯ ಮುಖ ಯಾರ ಕಡೆಗೆ: ಉತಾರದ ಗಣಕೀಕರಣ ಮತ್ತು ಬಳಕೆದಾರ

ಯಂತ್ರದ ಒಳಗೆ ನಡೆಯುವುದನ್ನು ಅದನ್ನು ಬಳಸುವವರು ಸಾಮಾನ್ಯವಾಗಿ ಅರಿಯರು. ಅವರಿಗೆ ಗೋಚರಿಸುವುದು ಪರದೆ, ಗುಂಡಿ, ಅಕ್ಷರ ಮತ್ತು ಅವುಗಳ ಕ್ರಮ ಮಾತ್ರ. ಮನುಷ್ಯನೂ ಯಂತ್ರವೂ ಸಂಧಿಸುವ ಈ ನೆಲೆಗೆ ‘ಇಂಟರ್‌ಫೇಸ್’ ಎಂದು ಹೆಸರು. 2003ರಲ್ಲಿ ಬಂದ ನೋಕಿಯಾ 1100 ದೂರವಾಣಿ ಜಗತ್ತಿನಾದ್ಯಂತ 25 ಕೋಟಿಗೂ ಹೆಚ್ಚು ಮಾರಾಟವಾಯಿತು. ಧೂಳು ಸೇರದ ಗುಂಡಿಗಳು, ಟಾರ್ಚ್ ದೀಪ ಹಾಗೂ ಸರಳ ಪರದೆ ಅದರ ವಿಶೇಷಗಳಾಗಿದ್ದವು. ತಂತ್ರಜ್ಞಾನದ ಆಕರ್ಷಣೆಯು ಕೇವಲ ಅಂದಚಂದದ ಸಂಗತಿಯಲ್ಲ, ವಿಶ್ವಾಸದ ಸಂಗತಿಯೂ ಹೌದು ಎಂಬುದಕ್ಕೆ ವಿಜಯಪುರ ಭಾಗದ ‘ಉತಾರ’ ಉತ್ತಮ ನಿದರ್ಶನವಾಗಿದೆ.

ಹಿಂದೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಈ ಪ್ರದೇಶದಲ್ಲಿ ಪಹಣಿಗೆ ಉತಾರವೆಂದೂ ಗ್ರಾಮಲೆಕ್ಕಿಗರಿಗೆ ತಲಾಠಿಯೆಂದೂ ರೂಢಿಯ ಹೆಸರು. ಒಡೆತನ, ಬೆಳೆ, ಸಾಲದ ಹೊರೆ ಇವೆಲ್ಲವೂ ದಾಖಲಾಗುವ ಈ ಪತ್ರ ತಲಾಠಿಯ ಕೈಬರಹದ ದಫ್ತರದಲ್ಲಿತ್ತು. ತಿಕೋಟಾದ ದ್ರಾಕ್ಷಿ ಬೆಳೆಗಾರನಿಗೆ ಬ್ಯಾಂಕ್ ಸಾಲ ಬೇಕಾದರೂ ಅದೇ ಆಧಾರ. 2000ದ ಸುಮಾರಿಗೆ ರಾಜ್ಯದಲ್ಲಿ ವಿಸ್ತರಿಸಿದ ‘ಭೂಮಿ’ ಯೋಜನೆಯು ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಗಣಕಕ್ಕೆ ತಂದಿತು. ತಾಲ್ಲೂಕು ಕೇಂದ್ರದಲ್ಲಿ 15 ರೂಪಾಯಿಗೆ ಮುದ್ರಿತ ಪ್ರತಿ ದೊರೆಯತೊಡಗಿತು. ತಿಕೋಟಾ, ಬಬಲೇಶ್ವರಗಳು 2018ರಲ್ಲಿ ಪ್ರತ್ಯೇಕ ತಾಲ್ಲೂಕುಗಳಾದವು. ಅದಕ್ಕೆ ಮೊದಲು ಅವು ವಿಜಯಪುರ ತಾಲ್ಲೂಕಿಗೇ ಸೇರಿದ್ದುದರಿಂದ ಅಲ್ಲಿಯ ರೈತರಿಗೆ ನಗರದ ಕಚೇರಿಯೇ ಗತಿಯಾಗಿತ್ತು.

ಈ ಯೋಜನೆಯ ವಿನ್ಯಾಸದಲ್ಲಿ ಎರಡು ಅಂಶಗಳು ಗಮನಾರ್ಹ. ಮೊದಲನೆಯದು, ದಾಖಲೆಯ ಕನ್ನಡ ಲಿಪಿ. ಎರಡನೆಯದು, ಸಿಬ್ಬಂದಿಯ ಪರದೆಯ ಜೊತೆಗೆ ರೈತನ ಕಡೆಗೆ ಮುಖ ಮಾಡಿದ ಇನ್ನೊಂದು ಪರದೆ. ಸಿಬ್ಬಂದಿಯ ಬೆರಳಚ್ಚು ಪರೀಕ್ಷಿಸುವ ಭದ್ರತಾ ವ್ಯವಸ್ಥೆಯೂ ಅಲ್ಲಿತ್ತು. ಆದರೆ ಅದು ರೈತನ ಅನುಭವಕ್ಕೆ ಬರುವಂಥದಲ್ಲ. ತನ್ನ ಹೆಸರು, ತನ್ನ ಸರ್ವೆ ನಂಬರು ಎದುರಿಗೇ ಮೂಡುವುದನ್ನು ನೋಡಿದಾಗ ಮಾತ್ರ ದಾಖಲೆ ತನ್ನದೆಂಬ ಭಾವ ಹುಟ್ಟುತ್ತದೆ. ಹೆಸರಿನ ಅಕ್ಷರ ತಪ್ಪಿದ್ದರೆ ಅಲ್ಲಿಯೇ ಕಣ್ಣಿಗೆ ಬೀಳುತ್ತದೆ. ದಫ್ತರ ಮುಚ್ಚಿಟ್ಟಿದ್ದುದನ್ನು ಆ ಎರಡನೆಯ ಪರದೆ ತೆರೆದಿಟ್ಟಿತು.

ಮುಂದೆ ಪಹಣಿಯನ್ನು ಅಂತರಜಾಲದಲ್ಲಿಯೂ ನೋಡುವಂತಾಯಿತು. ನಗರಕ್ಕೆ ಅಲೆಯುವ ಶ್ರಮವನ್ನು ಇದು ತಗ್ಗಿಸಿತೆಂಬುದು ನಿಜ. ಆದರೆ ಅಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮಗಳನ್ನು ಒಂದೊಂದಾಗಿ ಆರಿಸಿ, ಸರ್ವೆ ನಂಬರು ಕೊಟ್ಟು, ಬಳಿಕ ‘ಸರ್ನೋಕ್’ ಎಂಬ ಅಂಕಣವನ್ನೂ ದಾಟಬೇಕು. ಅನೇಕ ವೇಳೆ ಅದರಲ್ಲಿರುವುದು ಒಂದು ನಕ್ಷತ್ರ ಚಿಹ್ನೆ ಮಾತ್ರ. ಉತಾರವೆಂಬ ಮಾತಿಗೆ ಒಗ್ಗಿದವನಿಗೆ ಈ ಪದವೂ ಚಿಹ್ನೆಯೂ ಅಪರಿಚಿತ. ಹೀಗಾಗಿ ಆತ ಮಗನನ್ನೋ ಕಂಪ್ಯೂಟರ್ ಅಂಗಡಿಯವನನ್ನೋ ಅವಲಂಬಿಸಬೇಕಾದರೆ, ಪರದೆಯ ಮುಖ ಮತ್ತೆ ಬೇರೆಯವರ ಕಡೆಗೆ ತಿರುಗಿದಂತೆಯೇ.

ಆದುದರಿಂದ ಸೌಲಭ್ಯವೊಂದು ಜನಪ್ರಿಯವಾಗಲು ವೇಗವೊಂದೇ ಸಾಲದು. ಬಳಸುವವರ ರೂಢಿಯ ಮಾತು ಪರದೆಯ ಮೇಲಿರಬೇಕು, ಪರದೆ ಅವರ ಎದುರಿಗಿರಬೇಕು. ಭೂಮಿಯ ಒಡೆತನದಷ್ಟು ಗುರುತರವಾದ ವಿಷಯದಲ್ಲಿ ಇದು ಅನುಕೂಲದ ಪ್ರಶ್ನೆಯಾಗಿ ಉಳಿಯದೆ ಹಕ್ಕಿನ ಪ್ರಶ್ನೆಯಾಗುತ್ತದೆ.